ಒಂಕೆಲ್ ಬಂದ, ಸೋದರಮಾವ ಹೋದ

ಜರ್ಮನಿಗೆ ಬಂದ ಹೊಸತರಲ್ಲಿ ನಾವು ಕಲಿಯುವ ಎಷ್ಟೋ ‘ಜರ್ಮನ್’ ಪದಗಳು ಮೂಲತಃ ಜರ್ಮನ್ ಅಲ್ಲವೇ ಅಲ್ಲ ಎಂದು ಗಮನಿಸಿದ್ದೀರಾ? ಕಚೇರಿಗೆ ಬ್ಯೂರೋ, ಮೇಜು-ಮಂಚಗಳಿಗೆ ಮ್ಯೋಬೆಲ್, ಹಣದ ಪರ್ಸಿಗೆ ಪೋರ್ಟ್‌ಮೊನೆ. ಎಲ್ಲವೂ ಫ್ರೆಂಚರಿಂದ ತಂದ ಕಡ!

17 ಮತ್ತು 18ನೇ ಶತಮಾನಗಳಲ್ಲಿ ಯುರೋಪಿನ ಅರಮನೆಗಳಲ್ಲಿ ಫ್ರೆಂಚ್ ಮಾತಾಡುವುದೇ ಪ್ರತಿಷ್ಠೆ. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಬರೆಯುತ್ತಿದ್ದುದೂ ಹೆಚ್ಚಾಗಿ ಫ್ರೆಂಚಿನಲ್ಲೇ. 1685ರ ನಂತರ ಫ್ರಾನ್ಸಿನಿಂದ ತಪ್ಪಿಸಿಕೊಂಡು ಬಂದ ಹ್ಯೂಗೆನೊ ಪ್ರಾಟೆಸ್ಟೆಂಟರು ತಮ್ಮ ಕಸುಬಿನ ಜೊತೆಗೆ ಮಾತನ್ನೂ ತಂದರು.

1871ರಲ್ಲಿ ಜರ್ಮನಿ ಒಂದಾದ ಮೇಲೆ ಶುದ್ಧೀಕರಣ ಶುರುವಾಯಿತು. ಅಂಚೆಯ ಮುಖ್ಯಸ್ಥ ಹೈನ್ರಿಖ್ ಫೋನ್ ಸ್ಟೆಫಾನ್ ತನ್ನ ಇಲಾಖೆಯ ನೂರಾರು ವಿದೇಶಿ ಪದಗಳನ್ನು ಬದಲಿಸಿದ. ರೈಲ್ವೆಯಲ್ಲಿ ‘ಪೆರೋನ್’ ಹೋಗಿ ‘ಬಾನ್‌ಶ್ಟೈಗ್’ ಬಂತು. ಗಡಿ ದಾಟಿ ಸ್ವಿಜರ್ಲೆಂಡಿಗೆ ಹೋದರೆ ಇಂದಿಗೂ ಪ್ಲಾಟ್‌ಫಾರ್ಮಿಗೆ ಪೆರೋನ್, ಟಿಕೆಟ್ಟಿಗೆ ಬಿಲೆಟ್, ಸೈಕಲ್ಲಿಗೆ ವೇಲೋ!

ಆದರೆ ಯಾವ ಇಲಾಖೆಯೂ ಮನೆಯೊಳಗಿನ ಪದಗಳನ್ನು ವಾಪಸ್ ತರಲಾಗಲಿಲ್ಲ. ಹಳೆಯ ಜರ್ಮನ್ನಿನಲ್ಲಿ ತಾಯಿಯ ಅಣ್ಣತಮ್ಮ ‘ಓಹೈಮ್’, ತಂದೆಯ ಅಣ್ಣತಮ್ಮ ‘ಫೆಟ್ಟರ್’, ತಾಯಿಯ ಅಕ್ಕತಂಗಿ ‘ಮೂಮೆ’, ತಂದೆಯ ಅಕ್ಕತಂಗಿ ‘ಬಾಸೆ’. ಥೇಟ್ ನಮ್ಮ ಸೋದರಮಾವ, ಚಿಕ್ಕಪ್ಪ, ಚಿಕ್ಕಮ್ಮ, ಸೋದರತ್ತೆಯರ ಹಾಗೆ! ಈ ಭೇದ ಸಡಿಲವಾಗುತ್ತಿದ್ದ ಹೊತ್ತಿಗೆ ಫ್ರೆಂಚಿನ ‘ಒಂಕೆಲ್’, ‘ಟಾಂಟೆ’ ಬಂದು ನಾಲ್ವರ ಜಾಗವನ್ನೂ ಹಿಡಿದವು. ಫೆಟ್ಟರ್ ಉಳಿದರೂ ಅದರ ಅರ್ಥ ಚಿಕ್ಕಪ್ಪನಿಂದ ಅವನ ಮಗನಿಗೆ ಜಾರಿತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ನಾಲ್ಕು ಕಾಲಂಗಳನ್ನು ಎರಡಕ್ಕೆ ಇಳಿಸಿ ಡೇಟಾ ಕಳೆದುಕೊಂಡ ಹಾಗೆ.

ಇಂಗ್ಲಿಷಿನ ಕಥೆಯೂ ಇದೇ. ಅಲ್ಲೂ ಮಾವನಿಗೊಂದು, ಚಿಕ್ಕಪ್ಪನಿಗೊಂದು ಪದವಿತ್ತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಕ್ರಮೇಣ ಫ್ರೆಂಚಿನ ‘ಅಂಕಲ್’ ಒಂದೇ ಉಳಿಯಿತು. ಈಗ ಅದೇ ಅಂಕಲ್ ನಮ್ಮ ಮನೆಗಳಿಗೂ ಬಂದು ಕೂತಿದ್ದಾನೆ.

ಕಡ ತರುವುದರಲ್ಲಿ ತಪ್ಪೇನಿಲ್ಲ. ನಮ್ಮ ‘ಕುರ್ಚಿ’ಯ ಮೂಲ ಅರಬ್ಬಿ, ‘ಅಲಮಾರು’ ಪೋರ್ಚುಗೀಸರದ್ದು. ಅವುಗಳಿಂದ ಕನ್ನಡ ಬಡವಾಗಲಿಲ್ಲ, ಮನೆಗೆ ಒಂದು ವಸ್ತು ಹೆಚ್ಚಾಯಿತು ಅಷ್ಟೆ. ಆದರೆ ಸೋದರಮಾವನನ್ನು ಅಂಕಲ್ ಎಂದಾಗ ಹೊಸದೇನೂ ಬರುವುದಿಲ್ಲ, ಇದ್ದದ್ದೇ ಹೋಗುತ್ತದೆ. ಅವರು ಅಮ್ಮನ ಕಡೆಯವರೋ ಅಪ್ಪನ ಕಡೆಯವರೋ ಎಂಬುದೇ ಮಗುವಿಗೆ ತಿಳಿಯುವುದಿಲ್ಲ.

ಮಕ್ಕಳು ಪೋರ್ಟ್‌ಮೊನೆ ಎನ್ನಲಿ, ಬ್ಯೂರೋ ಎನ್ನಲಿ, ಚಿಂತೆಯಿಲ್ಲ. ಭಾನುವಾರ ಊರಿಗೆ ಫೋನ್ ಮಾಡಿದಾಗ ಮಾತ್ರ ಮಾವನನ್ನು ಮಾವ ಎಂದೂ ಚಿಕ್ಕಪ್ಪನನ್ನು ಚಿಕ್ಕಪ್ಪ ಎಂದೂ ಕರೆಯುವುದನ್ನು ಕಲಿಸೋಣ. ಆ ಕಡೆಯವರಿಗೂ ಖುಷಿಯಾಗುತ್ತದೆ.