ಮೆಟ್ಟಿಲ ದೀಪಕ್ಕೆ ಲೆಕ್ಕ ಬರುತ್ತದೆ!

ಮಹಡಿ ಮನೆಗಳಲ್ಲಿ ಮೆಟ್ಟಿಲ ದೀಪ ಒಂದೇ, ಸ್ವಿಚ್ ಎರಡು. ಕೆಳಗೊಂದು, ಮೇಲೊಂದು. ಕೆಳಗೆ ಹಾಕಿದ ದೀಪವನ್ನು ಮೇಲೆ ಹೋಗಿ ಆರಿಸಬಹುದು. ಎಲೆಕ್ಟ್ರಿಷಿಯನ್ ಇದನ್ನು ‘ಟೂ ವೇ ಸ್ವಿಚ್’ ಎನ್ನುತ್ತಾರೆ. ಮಹಡಿ ಇಲ್ಲದವರು ಮಲಗುವ ಕೋಣೆಯಲ್ಲಿ ಹುಡುಕಿ. ಬಾಗಿಲ ಬಳಿ ಒಂದು, ಮಂಚದ ಪಕ್ಕ ಒಂದು ಇರಬಹುದು.

ಮಕ್ಕಳೇ, ಇವತ್ತು ಸಂಜೆ ಅಜ್ಜನನ್ನು ಕೆಳಗಿನ ಸ್ವಿಚ್ ಬಳಿ ನಿಲ್ಲಿಸಿ, ನೀವು ಮೇಲೆ ನಿಲ್ಲಿ. ದೀಪ ಆರಿರಲಿ. ಸ್ವಿಚ್‌ಗಳು ಈಗ ಹೇಗಿವೆಯೋ ಅದಕ್ಕೆ ‘ಸೊನ್ನೆ’ ಎನ್ನಿ, ಒತ್ತಿ ಬದಲಿಸಿದರೆ ‘ಒಂದು’. ಅಜ್ಜ ಮಾತ್ರ ಒತ್ತಿದರೆ ದೀಪ ಹತ್ತುತ್ತದೆ. ನೀವು ಮಾತ್ರ ಒತ್ತಿದರೂ ಹತ್ತುತ್ತದೆ. ಇಬ್ಬರೂ ಒತ್ತಿದರೆ ಆರಿಯೇ ಇರುತ್ತದೆ. (ಸ್ವಿಚ್‌ನ ಮುಚ್ಚಳ ಮಾತ್ರ ಬಿಚ್ಚಬೇಡಿ!)

ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಂಜಿನಿಯರಿಂಗ್ ಸೇರಿದ ಅಣ್ಣ-ಅಕ್ಕಂದಿರು ಮೊದಮೊದಲ ಪಾಠಗಳಲ್ಲೇ ಇದನ್ನು ಕಲಿಯುತ್ತಾರೆ. ಅವರ ಪುಸ್ತಕದಲ್ಲಿ ಇದರ ಹೆಸರು ‘ಎಕ್ಸ್‌ಕ್ಲೂಸಿವ್ ಆರ್’. ಅದು ಇಲ್ಲವೇ ಇದು, ಎರಡೂ ಅಲ್ಲ. ಕಾಫಿಯೋ ಟೀಯೋ ಎಂದು ಅಜ್ಜಿ ಕೇಳಿದಾಗ ಎರಡೂ ಬೇಕು ಎಂದರೆ ನಡೆಯುವುದಿಲ್ಲವಲ್ಲ, ಹಾಗೆ.

ಇದರೊಳಗೆ ಒಂದು ಕೂಡುವ ಲೆಕ್ಕ ಅಡಗಿದೆ. ನಮಗೆ 9ರ ತನಕ ಅಂಕಿಗಳಿವೆ. ಅವು ಮುಗಿದಾಗ 10 ಎಂದು ಬರೆಯುತ್ತೇವೆ. ಕಂಪ್ಯೂಟರಿಗೆ ಇರುವುದು 0 ಮತ್ತು 1 ಮಾತ್ರ. ಹಾಗಾಗಿ ಅದು ಎರಡನ್ನೇ 10 ಎಂದು ಬರೆಯುತ್ತದೆ. ಒಂದಕ್ಕೆ ಒಂದು ಕೂಡಿದರೆ ಸೊನ್ನೆ ಬರೆದು, ಕೈಯಲ್ಲಿ ಒಂದು. ಈಗ ದೀಪ ನೋಡಿ. ಇಬ್ಬರೂ ಒತ್ತಿದಾಗ ಅದು ಆರಿತ್ತು, ಅಂದರೆ ಸೊನ್ನೆ! ಇಬ್ಬರೂ ಒತ್ತಿದಾಗ ಮಾತ್ರ ಹತ್ತುವ ಇನ್ನೊಂದು ದೀಪ ಇದ್ದರೆ, ಅದೇ ‘ಕೈಯಲ್ಲಿ ಒಂದು’. ಎರಡು ದೀಪ ಸೇರಿ ಉತ್ತರ ಬರೆದುಬಿಟ್ಟವು.

ಇದಕ್ಕೆ ‘ಹಾಫ್ ಆಡರ್’ ಎಂದು ಹೆಸರು. ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಜೋಡಿಸಲು 7486 ಮತ್ತು 7408 ಎಂಬ ಎರಡು ಪುಟ್ಟ ಚಿಪ್ ಸಾಕು. ಒಂದೊಂದಕ್ಕೂ 14 ಕಾಲು, ಥೇಟ್ ಜರಿಹುಳು! ಒಂದು ತಂತಿ ತಪ್ಪು ಕಾಲಿಗೆ ಸಿಕ್ಕಿಸಿದರೆ ದೀಪ ಹತ್ತುವುದಿಲ್ಲ, ರೆಕಾರ್ಡ್ ಪುಸ್ತಕಕ್ಕೆ ಮೇಷ್ಟ್ರ ಸಹಿಯೂ ಬೀಳುವುದಿಲ್ಲ. ಅಜ್ಜನ ಮೊಬೈಲ್ ಲೆಕ್ಕ ಮಾಡುವುದೂ ಇದೇ ಉಪಾಯದಿಂದ. ಅದರಲ್ಲಿ ಸ್ವಿಚ್‌ಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು, ನೂರಾರು ಕೋಟಿ.

ಸ್ವಿಚ್‌ಗೂ ತರ್ಕಕ್ಕೂ ಗಂಟು ಹಾಕಿದವರಲ್ಲಿ ದೊಡ್ಡ ಹೆಸರು ಕ್ಲಾಡ್ ಶಾನನ್. 1916ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಹೊಲದ ಮುಳ್ಳುತಂತಿ ಬೇಲಿಯನ್ನೇ ತಂತಿ ಮಾಡಿಕೊಂಡು, ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಟೆಲಿಗ್ರಾಫ್ ಕಳಿಸುತ್ತಿದ್ದ ಪೋರ! ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತ ಎರಡನ್ನೂ ಓದಿ 1936ರಲ್ಲಿ ಪದವಿ ಪಡೆದರು. ಅಲ್ಲಿ ಅವರು ತರ್ಕಶಾಸ್ತ್ರದ ಒಂದು ತರಗತಿಗೂ ಹೋಗಿ ಕೂತರು. ‘ಇದಕ್ಕೆ ಸ್ಕೋಪ್ ಇದೆಯಾ?’ ಎಂದು ನಮ್ಮ ಮನೆಗಳಲ್ಲಿ ಕೇಳುತ್ತೇವಲ್ಲ, ಅಂಥ ವಿಷಯ. ಸ್ಕೋಪ್ ಏನೂ ಇದ್ದಂತಿರಲಿಲ್ಲ.

ಅಲ್ಲಿ ಪರಿಚಯವಾದದ್ದು ಜಾರ್ಜ್ ಬೂಲ್ ಅವರ ಗಣಿತ. ಬೂಲ್ ಇಂಗ್ಲೆಂಡಿನವರು, ಶೂ ಹೊಲಿಯುತ್ತಿದ್ದವರ ಮಗ, ಕಾಲೇಜು ಓದದೆ ತಾವೇ ಕಲಿತು ಪ್ರೊಫೆಸರ್ ಆದವರು. ‘ನಿಜ’, ‘ಸುಳ್ಳು’, ‘ಮತ್ತು’, ‘ಅಥವಾ’ ಇವುಗಳಿಗೂ ಬೀಜಗಣಿತ ಇದೆ ಎಂದು 1847ರಲ್ಲೇ ಪುಸ್ತಕ ಬರೆದಿದ್ದರು.

ಪದವಿಯ ನಂತರ ಶಾನನ್ ಎಂಐಟಿಗೆ ಹೋದರು. ಅಲ್ಲಿ ಕೋಣೆ ತುಂಬುವಂಥ ಲೆಕ್ಕದ ಯಂತ್ರವೊಂದಿತ್ತು. ಅದನ್ನು ನಡೆಸಲು ಸುಮಾರು ನೂರು ರಿಲೇಗಳು. ರಿಲೇ ಎಂದರೆ ವಿದ್ಯುತ್ ಹರಿದಾಗ ‘ಟಕ್’ ಎಂದು ತಾನೇ ಹಾಕಿಕೊಳ್ಳುವ ಸ್ವಿಚ್. ಇಂಥ ಸರ್ಕ್ಯೂಟುಗಳನ್ನು ಆಗ ಅನುಭವದಿಂದ, ಅಂದಾಜಿನಿಂದ ಜೋಡಿಸುತ್ತಿದ್ದರು. ಶಾನನ್‌ಗೆ ಹೊಳೆಯಿತು: ಸ್ವಿಚ್ ಹಾಕಿದ್ದರೆ ನಿಜ, ಆರಿಸಿದ್ದರೆ ಸುಳ್ಳು. ಒಂದರ ಹಿಂದೆ ಒಂದು ಜೋಡಿಸಿದರೆ ‘ಮತ್ತು’, ಪಕ್ಕಪಕ್ಕ ಜೋಡಿಸಿದರೆ ‘ಅಥವಾ’. ಹಾಗಿದ್ದರೆ ಸರ್ಕ್ಯೂಟನ್ನು ಕಾಗದದ ಮೇಲೇ ಬೀಜಗಣಿತದಂತೆ ಬಿಡಿಸಬಹುದಲ್ಲ! ಬೇಡದ ರಿಲೇಗಳನ್ನು ಹೊಡೆದುಹಾಕಬಹುದಲ್ಲ! 1937ರಲ್ಲಿ, 21ನೇ ವಯಸ್ಸಿನಲ್ಲಿ, ಇದನ್ನೇ ಎಂ.ಎಸ್. ಪ್ರಬಂಧವಾಗಿ ಬರೆದರು. ಸೊನ್ನೆ-ಒಂದರಲ್ಲಿ ಕೂಡುವ ಸರ್ಕ್ಯೂಟೂ ಅದರಲ್ಲಿದೆ. ಜಪಾನಿನ ಅಕಿರಾ ನಕಾಶಿಮ ಎಂಬ ಎಂಜಿನಿಯರ್ ಕೂಡ ಅದೇ ಸುಮಾರಿಗೆ ಇದೇ ದಾರಿ ಹಿಡಿದಿದ್ದರು. ಆ ಹೆಸರನ್ನು ನಾವು ಅಷ್ಟಾಗಿ ಕೇಳುವುದಿಲ್ಲ, ಅದು ಅನ್ಯಾಯವೇ.

ಮುಂದೆ ಶಾನನ್ ಬಹಳ ದೊಡ್ಡವರಾದರು, ಆದರೆ ಸ್ವಿಚ್ ಹುಚ್ಚು ಬಿಡಲಿಲ್ಲ. ತಾವೇ ಮಾಡಿದ ಒಂದು ಪೆಟ್ಟಿಗೆ ಅವರ ಮೇಜಿನ ಮೇಲಿತ್ತು. ಅದರ ಮೇಲೆ ಇದ್ದದ್ದು ಒಂದೇ ಸ್ವಿಚ್. ಅದನ್ನು ಹಾಕಿದರೆ ಮುಚ್ಚಳ ತೆರೆದು ಒಳಗಿನಿಂದ ಒಂದು ಕೈ ಬರುತ್ತಿತ್ತು. ಸ್ವಿಚ್ ಆರಿಸುತ್ತಿತ್ತು. ಮತ್ತೆ ಒಳಗೆ ಹೋಗಿ ಮುಚ್ಚಳ ಹಾಕಿಕೊಳ್ಳುತ್ತಿತ್ತು. ಅಷ್ಟೇ ಅದರ ಕೆಲಸ!