ಕೊಂಡ ಪುಸ್ತಕಕ್ಕೆ ಯಾರ ಬೀಗ?

2009ರ ಜುಲೈನಲ್ಲಿ ಅಮೆರಿಕದ ಕೆಲವು ಕಿಂಡಲ್ ಓದುಗರು ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ‘1984’, ‘ಅನಿಮಲ್ ಫಾರ್ಮ್’ ಪುಸ್ತಕಗಳು ಹೇಳದೆ ಕೇಳದೆ ಮಾಯವಾದವು. ಮಾರಿದವರಿಗೆ ಹಕ್ಕೇ ಇರಲಿಲ್ಲವೆಂದು ತಿಳಿದ ಅಮೆಜಾನ್, ಹಣ ವಾಪಸ್ ಮಾಡಿ ಪ್ರತಿಗಳನ್ನು ದೂರದಿಂದಲೇ ಅಳಿಸಿತ್ತು. ಶಾಲೆಯ ಪಾಠಕ್ಕೆಂದು ‘1984’ ಓದುತ್ತಿದ್ದ ಹುಡುಗನೊಬ್ಬನ ಟಿಪ್ಪಣಿಗಳೇನೋ ಉಳಿದವು. ಅವು ಯಾವ ಸಾಲಿನ ಕುರಿತವು ಎಂದು ನೋಡಲು ಪುಸ್ತಕವೇ ಇರಲಿಲ್ಲ. ಆತ ಕೋರ್ಟ್ ಮೆಟ್ಟಿಲೇರಿದ, ಕಂಪನಿ ರಾಜಿಯಾಯಿತು.

ನಕಲು ತಡೆಯಲೆಂದು ಇ–ಪುಸ್ತಕಕ್ಕೆ ಹಾಕುವ ಬೀಗದ ಹೆಸರು ಡಿಆರ್‌ಎಂ. ಕಡತವನ್ನು ಗೂಢಲಿಪಿಗೆ ತಿರುಗಿಸಿ, ಅದನ್ನು ತೆರೆಯುವ ಕೀಲಿಯನ್ನು ನಮ್ಮ ಖಾತೆಗೆ ಜೋಡಿಸುತ್ತಾರೆ. ಅಂಗಡಿ ಮುಚ್ಚಿದರೆ ಕೀಲಿಯೂ ಹೋಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕ ಮಳಿಗೆಗೆ ಬಾಗಿಲು ಹಾಕಿದಾಗ ಅಲ್ಲಿ ಕೊಂಡ ಪುಸ್ತಕಗಳು ತೆರೆಯದಾದವು. ಹಣ ಮಾತ್ರ ಹಿಂದಿರುಗಿತು.

ಹಾಗಾದರೂ ಕಳ್ಳತನ ನಿಂತಿತೇ? ಒಬ್ಬ ಬೀಗ ಮುರಿದರೆ ಸಾಕು, ಪಿಡಿಎಫ್ ಊರೆಲ್ಲ ಸುತ್ತುತ್ತದೆ. ವೈಜ್ಞಾನಿಕ ಕಾದಂಬರಿಗಳ ಪ್ರಕಾಶನ ಸಂಸ್ಥೆ ಟಾರ್ 2012ರಲ್ಲಿ ಬೀಗವನ್ನೇ ತೆಗೆದುಹಾಕಿತು. ವರ್ಷ ಕಳೆದರೂ ನಕಲಿ ಹಾವಳಿ ಹೆಚ್ಚಿದ್ದು ಕಾಣಲಿಲ್ಲ ಎಂದಿತು. 2012ರಲ್ಲೇ ಬಂದ ಹ್ಯಾರಿ ಪಾಟರ್ ಇ–ಪುಸ್ತಕಗಳು ಹಿಡಿದದ್ದು ಇನ್ನೊಂದು ದಾರಿ: ಪ್ರತಿಯೊಳಗೇ ಕೊಂಡವರ ಗುರುತು. ಓದಲು ಅಡ್ಡಿಯಿಲ್ಲ, ಸೋರಿಕೆಯಾದರೆ ಯಾರ ಪ್ರತಿಯೆಂದು ಪತ್ತೆಹಚ್ಚಬಹುದು.

ಇತ್ತ ಬೀಗ ಬಿಗಿಯಾಗುತ್ತಲೂ ಇದೆ. ಕೊಂಡ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಕಿಂಡಲ್‌ಗೆ ಹಾಕುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಕ್ಯಾಲಿಫೋರ್ನಿಯಾದಲ್ಲಿ ಅದೇ ವರ್ಷದ ಜನವರಿಯಿಂದ ಹೊಸ ಕಾನೂನು: ಕೊಡುತ್ತಿರುವುದು ಬರೀ ಪರವಾನಗಿ ಎಂದಾದರೆ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎನ್ನುವಂತಿಲ್ಲ.

ನಮ್ಮಲ್ಲೂ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಬಳಿಕ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ಆದರೂ ಕನ್ನಡ ಪುಸ್ತಕಗಳ ಪಿಡಿಎಫ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇವೆ. ಅವುಗಳಲ್ಲಿ ಬಹಳಷ್ಟು ಅಚ್ಚಾದ ಪುಟಗಳನ್ನೇ ಸ್ಕ್ಯಾನ್ ಮಾಡಿದವು; ಇ–ಪುಸ್ತಕಕ್ಕೆ ಎಂಥ ಬೀಗ ಜಡಿದರೂ ಅವನ್ನು ತಡೆಯಲಾಗದು. ಸಣ್ಣ ಪ್ರಕಾಶಕರ ಭಯ ಸುಳ್ಳಲ್ಲ, ಮದ್ದು ಮಾತ್ರ ಬೇರೆ: ಸುಲಭವಾಗಿ ಸಿಗುವ, ಕೈಗೆಟಕುವ ಬೆಲೆಯ ಅಧಿಕೃತ ಪ್ರತಿ.

ಗ್ರಂಥಾಲಯ ಎರವಲು ಕೊಡುವ ಇ–ಪುಸ್ತಕ ಗಡುವು ಮುಗಿದೊಡನೆ ಮುಚ್ಚಿಕೊಳ್ಳಬೇಕು. ಅಲ್ಲಿ ಬೀಗ ನ್ಯಾಯವೇ. ಪೂರ್ತಿ ಬೆಲೆ ತೆತ್ತವರಿಗೆ ಮಾತ್ರ ಪ್ರತಿಯ ಮೇಲೆ ಅವರ ಗುರುತಿದ್ದರೆ ಸಾಕು. ಎರವಲಿನ ಷರತ್ತನ್ನು ಮಾರಾಟಕ್ಕೂ ಹೇರುವವರು ಬೆಲೆಯನ್ನೂ ಎರವಲಿನಷ್ಟಕ್ಕೇ ಇಳಿಸಲಿ.