ಸೀಗೆಯ ಕುಲ

ಶಿವಮೊಗ್ಗದ ಸಂತೆಯಲ್ಲಿ ಸೀಗೆಕಾಯಿಯನ್ನು ಕೊಳ್ಳುವವರು ಅದರ ಕುಲವನ್ನು ವಿಚಾರಿಸುವುದಿಲ್ಲ. ಆದರೆ ಆ ಕುಲದ ಹೆಸರಿಗಾಗಿ ಲೋಕದ ಸಸ್ಯಶಾಸ್ತ್ರಜ್ಞರಲ್ಲಿ ದೊಡ್ಡ ವ್ಯಾಜ್ಯವೇ ನಡೆದುಹೋಗಿದೆ.

ಸೀಗೆಯು ಅವರೆ ತೊಗರಿಗಳ ಕುಟುಂಬಕ್ಕೆ ಸೇರಿದ, ಮರಗಳನ್ನಡರಿ ಬೆಳೆಯುವ ಮುಳ್ಳುಪೊದೆ. ಭಾರತ ಸಿಂಹಳಗಳಿಂದ ಬ್ರಹ್ಮದೇಶ, ದಕ್ಷಿಣ ಚೀನಗಳವರೆಗೂ ಇದರ ವ್ಯಾಪ್ತಿಯುಂಟು. ನಮ್ಮಲ್ಲಿ ಮಲೆನಾಡಿನ ಕಾಡಂಚು ಇದರ ನೆಲೆ; ಭದ್ರಾವತಿಯನ್ನು ದಾಟಿ ಬಯಲುಸೀಮೆಗಿಳಿದರೆ ಕರಿಜಾಲಿಯ ರಾಜ್ಯ. ಇವೆರಡನ್ನೂ ಬಹುಕಾಲ ‘ಅಕೇಶಿಯ’ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಅದೇ ಕುಲದ ಆಸ್ಟ್ರೇಲಿಯದ ಮರಗಳನ್ನು, 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಕಾಗದದ ಕಾರ್ಖಾನೆಗಾಗಿ, ಮುಂದೆ ಈ ಜಿಲ್ಲೆಯಲ್ಲಿಯೇ ಬೆಳೆಸಿದರು.

ಶ್ರೋತೃಗಳು ಈ ಮೂರನ್ನೂ ಒಮ್ಮೆ ಹತ್ತಿರದಿಂದ ನೋಡಬೇಕು. ಕರಿಜಾಲಿಗೆ ಎಲೆಯ ಬುಡದಲ್ಲಿ ಜೋಡಿಯಾದ ನೇರ ಮುಳ್ಳು. ಸೀಗೆಗೆ ಕಾಂಡದ ಮೇಲೆಲ್ಲ ಚದುರಿದ ಕೊಕ್ಕೆಮುಳ್ಳು. ಪರದೇಶದ ಮರಕ್ಕೆ ಮುಳ್ಳೇ ಇಲ್ಲ. ಅದರ ಎಲೆಯೆಂದು ತೋರುವುದೂ ಚಪ್ಪಟೆಯಾದ ತೊಟ್ಟು ಮಾತ್ರ. ಆದುದರಿಂದ ಕುಲವನ್ನು ಒಡೆಯುವುದು ನ್ಯಾಯವೇ ಆಗಿತ್ತು.

ಹಳೆಯ ಹೆಸರು ಯಾರಿಗೆ? ಅದು ಗ್ರೀಕರು ಈಜಿಪ್ಟಿನ ಜಾಲಿಗೆ ಇಟ್ಟಿದ್ದ ಹೆಸರು. ನಿಯಮದಂತೆ ಕರಿಜಾಲಿಗೇ ಸಲ್ಲಬೇಕಾಗಿತ್ತು. ಆದರೆ ಆಸ್ಟ್ರೇಲಿಯದ ಜಾತಿಗಳು ಸುಮಾರು 1000 ಇರುವುದರಿಂದ, 2005ರ ವಿಯೆನ್ನಾ ಸಮ್ಮೇಳನವು ಹೆಸರನ್ನು ಅವುಗಳಿಗೆ ಕೊಟ್ಟಿತು. 2011ರಲ್ಲಿ ಮೆಲ್ಬೋರ್ನಿನಲ್ಲಿ ಅದೇ ಸ್ಥಿರವಾಯಿತು. ಕರಿಜಾಲಿ ‘ವ್ಯಾಚೆಲಿಯ’ ಆಯಿತು, ಸೀಗೆ ‘ಸೆನೆಗಾಲಿಯ’ ಆಯಿತು. ಸಾವಿರ ಹೆಸರುಗಳನ್ನು ತಿದ್ದುವ ಶ್ರಮ ಉಳಿಯಿತು, ನಿಜ. ನನಗಂತೂ ಅತಿಥಿಗೆ ಮನೆಯ ಪಟ್ಟವನ್ನೇ ಬರೆದುಕೊಟ್ಟಂತೆ ತೋರುತ್ತದೆ.

ಹಳೆಯ ಪುಸ್ತಕಗಳಲ್ಲಿ ಸೀಗೆಯನ್ನು ‘ಅಕೇಶಿಯ ಕನ್ಸಿನ್ನ’ ಎಂದು ಹುಡುಕಬೇಕು. ಹೊಸವುಗಳಲ್ಲಿ ‘ಸೆನೆಗಾಲಿಯ ರುಗಾಟ’ ಎಂದು.